ಎಚ್‌ಎಪ್ರಾಕ್ಸಿ ಹೆಲ್ತ್ ಚೆಕ್: ಬರೀ ‘ಚೆಕ್’ ಎಂದು ಬರೆದರೆ ಸಾಲದು

ಲೋಡ್ ಬ್ಯಾಲೆನ್ಸರ್ (ಬರುವ ರಿಕ್ವೆಸ್ಟ್‌ಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ಸಾಧನ) ಹಿಂದಿರುವ ಸರ್ವರ್‌ಗಳ ನಾಡಿ ಹಿಡಿದು ನೋಡುವ, ಅಂದರೆ ಹೆಲ್ತ್ ಚೆಕ್ ಮಾಡುವ ಕೆಲಸದಲ್ಲಿ, ಉಚಿತವಾಗಿ ಸಿಗುವ ಸಾಫ್ಟ್‌ವೇರ್‌ಗಳ ಪೈಕಿ ಎಚ್‌ಎಪ್ರಾಕ್ಸಿ ನಮ್ಮ ಮೊದಲ ಆಯ್ಕೆ. ಇದೇ ಕೆಲಸ ಮಾಡುವ ಎಂಜಿನ್‌ಎಕ್ಸ್‌ನ ಉಚಿತ ಆವೃತ್ತಿಗೆ ಸರ್ವರ್ ಕೆಟ್ಟದ್ದು ಗೊತ್ತಾಗುವುದೇ ಯಾರದೋ ರಿಕ್ವೆಸ್ಟ್ ಫೇಲಾದ ಮೇಲೆ. ಎಚ್‌ಎಪ್ರಾಕ್ಸಿ ತಾನಾಗಿಯೇ ಹೋಗಿ ಬಾಗಿಲು ತಟ್ಟುತ್ತದೆ.

ದೊಡ್ಡ ಕೊರತೆ ಡಿಫಾಲ್ಟ್‌ನಲ್ಲಿದೆ. ಕಾನ್ಫಿಗ್ ಫೈಲಿನ ಸರ್ವರ್ ಸಾಲಿನಲ್ಲಿ ‘ಚೆಕ್’ ಎಂದಷ್ಟೇ ಬರೆದರೆ ಟಿಸಿಪಿ ಪೋರ್ಟ್ (ಸಂಪರ್ಕ ಸ್ವೀಕರಿಸುವ ಬಾಗಿಲು) ತೆರೆದಿದೆಯೇ ಎಂದು ಮಾತ್ರ ನೋಡುತ್ತದೆ. ಆ್ಯಪ್ ಪ್ರತಿ ಪುಟಕ್ಕೂ 500 (ಸರ್ವರ್ ಒಳಗಿನ ದೋಷದ ಕೋಡ್) ಎಸೆಯುತ್ತಿದ್ದರೂ ಸ್ಟ್ಯಾಟ್ಸ್ ಪುಟದಲ್ಲಿ ಹಸಿರು ಸಾಲು, ಅದರಲ್ಲಿ ‘ಎಲ್4ಓಕೆ’, ಅಂದರೆ ಸಂಪರ್ಕವಷ್ಟೇ ಸರಿ. ಅಲ್ಲಿ ‘ಎಲ್7ಓಕೆ/200’ (ಆ್ಯಪ್ ಸರಿಯಾಗಿ ಉತ್ತರಿಸಿತು) ಕಾಣುವವರೆಗೆ ಕೆಲಸ ಮುಗಿದಿಲ್ಲ.

ಅದಕ್ಕೆ ಬ್ಯಾಕೆಂಡ್‌ನಲ್ಲಿ (ಸರ್ವರ್‌ಗಳ ಪಟ್ಟಿ ಇರುವ ವಿಭಾಗ) ‘ಆಪ್ಷನ್ ಎಚ್‌ಟಿಟಿಪಿಚೆಕ್’ ಹಾಕಿ. ಆವೃತ್ತಿ 2.2 ಅಥವಾ ಹೊಸದಾದರೆ ‘ಎಚ್‌ಟಿಟಿಪಿ-ಚೆಕ್ ಸೆಂಡ್’ ಸಾಲಿನಲ್ಲಿ ಗೆಟ್ (ರಿಕ್ವೆಸ್ಟ್‌ನ ವಿಧಾನ), ಪಾತ್ (ಕೇಳುವ ಪುಟದ ವಿಳಾಸ), ಹೋಸ್ಟ್ ಹೆಡರ್ (ಸೈಟ್‌ನ ಹೆಸರು) ಮೂರನ್ನೂ ಕೊಡಿ. ಹೋಸ್ಟ್ ಬಿಟ್ಟರೆ ಜ್ಯಾಂಗೊ ಥರದ ವೆಬ್ ಫ್ರೇಮ್‌ವರ್ಕ್ 400 (ತಪ್ಪು ರಿಕ್ವೆಸ್ಟ್) ಕೊಟ್ಟು ಕಳಿಸುತ್ತದೆ. ಸರ್ವರ್ ಗಟ್ಟಿಮುಟ್ಟಾಗಿದ್ದರೂ ‘ಡೌನ್’. ಇದರ ತದ್ವಿರುದ್ಧ ತೊಂದರೆಯೂ ಉಂಟು: 3ರಿಂದ ಶುರುವಾಗುವ ಕೋಡ್‌ಗಳೂ ಪಾಸ್, ಹಾಗಾಗಿ ಲಾಗಿನ್ ಪುಟಕ್ಕೆ ತಳ್ಳುವ 302 ಕೂಡ ‘ಆರೋಗ್ಯ’ ಅನ್ನಿಸಿಕೊಳ್ಳುತ್ತದೆ. ‘ಎಕ್ಸ್‌ಪೆಕ್ಟ್ ಸ್ಟೇಟಸ್ 200’ ಬರೆದೇ ಬರೆಯಿರಿ. ಚೆಕ್‌ಗೆ ಬೇರೆ ಪೋರ್ಟ್ ಕೊಟ್ಟಾಗ ಎಸ್‌ಎಸ್‌ಎಲ್ (ಸಂಪರ್ಕದ ಗೂಢಲಿಪೀಕರಣ) ತಾನಾಗಿ ಅನ್ವಯಿಸುವುದಿಲ್ಲ, ‘ಚೆಕ್-ಎಸ್‌ಎಸ್‌ಎಲ್’ ಸೇರಿಸಬೇಕು.

ಡಿಫಾಲ್ಟ್ ಲೆಕ್ಕ: ಇಂಟರ್ (ಎರಡು ಚೆಕ್ ನಡುವಿನ ಅಂತರ) 2 ಸೆಕೆಂಡ್, ಫಾಲ್ (ಡೌನ್ ಎನ್ನಲು ಸತತ ಎಷ್ಟು ಸೋಲು) 3, ರೈಸ್ (ಮತ್ತೆ ಸೇರಿಸಲು ಸತತ ಎಷ್ಟು ಗೆಲುವು) 2. ಅಂದರೆ ಸತ್ತ ಸರ್ವರ್‌ಗೆ 4ರಿಂದ 6 ಸೆಕೆಂಡ್ ಟ್ರಾಫಿಕ್ ಹೋಗುತ್ತಲೇ ಇರುತ್ತದೆ. ಇದನ್ನು ತಗ್ಗಿಸಲು ಫಾಲ್ 1 ಮಾಡಬೇಡಿ, ಒಂದು ಗಾರ್ಬೇಜ್ ಕಲೆಕ್ಷನ್‌ನಿಂದ (ಆ್ಯಪ್ ತನ್ನ ಮೆಮೊರಿ ಶುಚಿ ಮಾಡಿಕೊಳ್ಳುವ ಹೊತ್ತು) ತಡವಾದರೂ ಸರ್ವರ್ ಹೊರಬೀಳುತ್ತದೆ. ‘ಫಾಸ್ಟ್‌ಇಂಟರ್’ (ಸೋಲು ಕಂಡ ಮೇಲಿನ ಚೆಕ್‌ಗಳ ಅಂತರ) ಅರ್ಧ ಸೆಕೆಂಡ್ ಇಡಿ: ಮೊದಲ ಸೋಲಿನ ನಂತರದ ಎರಡು ಚೆಕ್ ಒಂದೇ ಸೆಕೆಂಡಿನಲ್ಲಿ ಮುಗಿಯುತ್ತವೆ. ‘ಟೈಮ್‌ಔಟ್ ಚೆಕ್’ ಕೊಡದಿದ್ದರೆ ಇಂಟರ್ ಅವಧಿಯೇ ಇಡೀ ಚೆಕ್‌ನ ಗಡುವು ಎಂಬುದೂ ನೆನಪಿರಲಿ.

ಹೆಲ್ತ್ ಪಾತ್‌ನಲ್ಲಿ (ಚೆಕ್ ಕೇಳುವ ಪುಟ) ಡೇಟಾಬೇಸ್ ಕ್ವೆರಿ ತುರುಕುವುದು ಎಲ್ಲಕ್ಕಿಂತ ಅಪಾಯಕಾರಿ. ಡೇಟಾಬೇಸ್ ಒಮ್ಮೆ ತಡವರಿಸಿದರೆ ಎಲ್ಲ ಸರ್ವರ್‌ಗಳೂ ಒಟ್ಟಿಗೆ ಡೌನ್ ಆಗಿ, ಲಾಗ್‌ನಲ್ಲಿ ‘ನೋಸರ್ವ್’ (ಸರ್ವರ್ ಇಲ್ಲ), ಬಳಕೆದಾರರಿಗೆ 503 (ಸೇವೆ ಲಭ್ಯವಿಲ್ಲ). ಕ್ಯಾಶ್‌ನಿಂದ ಕೊಡಬಹುದಾಗಿದ್ದ ಪುಟವೂ ಸಿಗುವುದಿಲ್ಲ. ಆ ಸರ್ವರ್‌ನ ಆ್ಯಪ್ ಬೇರೆ ಯಾರನ್ನೂ ಕೇಳದೆ ತಾನೇ ಉತ್ತರಿಸಬಲ್ಲ ಸಂಗತಿಯನ್ನಷ್ಟೇ ಕೇಳಿ.

ಮನಸಾರೆ ಮೆಚ್ಚಬೇಕಾದವು ಎರಡು. ‘ಸ್ಲೋಸ್ಟಾರ್ಟ್ 30ಎಸ್’ ಚೇತರಿಸಿಕೊಂಡ ಸರ್ವರ್‌ಗೆ ಹೊರೆಯನ್ನು ಅರ್ಧ ನಿಮಿಷದಲ್ಲಿ ನಿಧಾನಕ್ಕೆ ಏರಿಸುತ್ತದೆ. ‘ಡಿಸೇಬಲ್-ಆನ್-404’ ಇದ್ದರೆ, ಡಿಪ್ಲಾಯ್‌ಗೆ ಮುಂಚೆ ಹೆಲ್ತ್ ಪಾತ್ 404 ಕೊಟ್ಟರೆ ಸಾಕು. ಹೊಸಬರು ಬೇರೆ ಸರ್ವರ್‌ಗೆ ಹೋಗುತ್ತಾರೆ, ಕುಕಿಯಿಂದ ಅಂಟಿಕೊಂಡ ಹಳಬರು ಕೆಲಸ ಮುಗಿಸಿಕೊಳ್ಳುತ್ತಾರೆ.