ಗೈಗರ್ ಕೌಂಟರ್ ತಗೊಳ್ಳೋ ಮುಂಚೆ ಇದನ್ನ ಓದಿ
ರೇಡಿಯೇಷನ್ ಬಗ್ಗೆ ಕುತೂಹಲ ಇರೋರಿಗೆ ಅದನ್ನ ಅಳೆಯೋ, ಕೈಯಲ್ಲಿ ಹಿಡಿಯೋ ಈ ಪುಟ್ಟ ಮೀಟರ್ ನಿಜಕ್ಕೂ ಚೆನ್ನಾಗಿದೆ. ಆನ್ ಮಾಡಿ ಟೇಬಲ್ ಮೇಲಿಟ್ರೆ ಹತ್ರ ಏನೂ ಇಲ್ದಿದ್ರೂ ಟಿಕ್... ಟಿಕ್ ಟಿಕ್... ಅಂತ ಶುರು ಮಾಡತ್ತೆ, ಸ್ಕ್ರೀನಲ್ಲಿ ಗಂಟೆಗೆ 0.1 ಮೈಕ್ರೋಸೀವರ್ಟ್ (ಮೈಗೆ ತಾಗೋ ರೇಡಿಯೇಷನ್ನಿನ ಅಳತೆ) ಆಸುಪಾಸು ತೋರ್ಸತ್ತೆ, ಗಾಬರಿ ಬೇಡ, ಅದು ನೆಲ, ಗೋಡೆ, ಆಕಾಶದಿಂದ ಸದಾ ಬರ್ತಾನೇ ಇರೋದು. ಗ್ರಾನೈಟ್ ಮೇಲಿಟ್ಟಾಗ ಸ್ವಲ್ಪ ಏರ್ತು. ಬಾಳೆಹಣ್ಣಲ್ಲಿ ರೇಡಿಯೇಷನ್ ಸೂಸೋ ಪೊಟ್ಯಾಸಿಯಂ-40 ಇರೋದು ನಿಜ, ಆದ್ರೆ ಅಷ್ಟು ಕಮ್ಮೀನ ಇದು ಹಿಡಿಯಲ್ಲ.

ದೊಡ್ಡ ಕೊರತೆ ಅಂದ್ರೆ ಆಲ್ಫಾ. ರೇಡಿಯೇಷನ್ನಿನ ಮುಖ್ಯ ವಿಧಗಳು ಆಲ್ಫಾ, ಬೀಟಾ, ಗಾಮಾ. ಬೀಟಾ, ಗಾಮಾ ಎರಡೂ ಗೊತ್ತಾಗತ್ತೆ, ಆಲ್ಫಾ ಕಣ ಒಂದು ಪೇಪರ್ ಹಾಳೇನೇ ದಾಟಲ್ಲ, ಇನ್ನು ಮೀಟರ್ ಒಳಗೆ ರೇಡಿಯೇಷನ್ ಹಿಡಿಯೋ ಟ್ಯೂಬಿನ ದಪ್ಪ ಗಾಜು ಎಲ್ಲಿ ದಾಟತ್ತೆ? ಅದಕ್ಕೇ ನೆಲದಿಂದ ಬಂದು ಮನೆಯೊಳಗೆ ಸೇರ್ಕೊಳ್ಳೋ, ಆಲ್ಫಾ ಸೂಸೋ ರೇಡಾನ್ ಗ್ಯಾಸ್ ಅಳೆಯೋಕೆ ದಯವಿಟ್ಟು ಇದನ್ನ ನಂಬ್ಕೋಬೇಡಿ. ಪ್ರಕೃತಿಯಿಂದ ನಮಗೆ ಬರೋ ರೇಡಿಯೇಷನ್ ಡೋಸಲ್ಲಿ ಸುಮಾರು ಅರ್ಧ ರೇಡಾನಿಂದೇ, ಉಸಿರಲ್ಲಿ ಒಳಗೆ ಹೋಗಿ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದ್ದು, ಅದಕ್ಕೆ ಬೇರೆ ರೇಡಾನ್ ಡಿಟೆಕ್ಟರೇ ಬೇಕು. ಈ ವಿಷಯ ಬಾಕ್ಸ್ ಮೇಲೆ ದೊಡ್ಡಕ್ಷರದಲ್ಲಿ ಹಾಕಬೇಕಿತ್ತು, ಹಾಕಿಲ್ಲ, ಅದಕ್ಕೇ ಒಂದು ಸ್ಟಾರ್ ಕಟ್.