ಅಲಾಸ್ಕಾದ ಆಳವಿಲ್ಲದ ನೀರಿನಲ್ಲಿ ದೊಡ್ಡ ಹಾಲಿಬಟ್: ದೋಣಿ ಹತ್ತುವ ಮುನ್ನ ತಿಳಿದಿರಬೇಕಾದದ್ದು

ಅಲಾಸ್ಕಾದ ಆಗ್ನೇಯ ಕರಾವಳಿಗೆ ಹಾಲಿಬಟ್ (ಕಡಲ ತಳದಲ್ಲಿರುವ ಭಾರಿ ಗಾತ್ರದ ಚಪ್ಪಟೆ ಮೀನು) ಮತ್ತು ಸಾಲ್ಮನ್ ಹಿಡಿಯಲು ಹೋಗುವ ಯೋಚನೆಯಲ್ಲಿರುವವರು ಮುಂಗಡ ಹಣ ಕಟ್ಟುವ ಮೊದಲು ಇದನ್ನು ಪೂರ್ತಿಯಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. "ಆಳವಿಲ್ಲದ ನೀರು, ದಡದ ಸಮೀಪವೇ ದೊಡ್ಡ ಮೀನು, ಕಡಲಿನ ಅಭ್ಯಾಸವಿಲ್ಲದವರಿಗೂ ಸುರಕ್ಷಿತ" ಎಂಬ ಭರವಸೆಯನ್ನು ನಂಬಿ ಕಳೆದ ಬೇಸಿಗೆಯಲ್ಲಿ ಐಸಿ ಜಲಸಂಧಿಯಲ್ಲಿ ನಾವು ಒಂದು ದೋಣಿ ಹತ್ತಿದೆವು. ಅದರಿಂದ ಇಳಿಯುವಾಗ ನನ್ನ ಭಾವನವರ ಮೊಣಕಾಲಿನ ಕೆಳಗಿನ ಮೂಳೆ ಮುರಿದಿತ್ತು. ದೋಣಿ ನಡೆಸಿದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ದೂರು ಸಂಬಂಧಪಟ್ಟವರ ಮುಂದಿದೆ. ನನ್ನ ಕಾಳಜಿ ಆ ಒಬ್ಬ ವ್ಯಕ್ತಿಯ ಬಗ್ಗೆ ಅಲ್ಲ, ಅದೇ ಮಾತನ್ನು ಹೇಳಿ ಗಿರಾಕಿಗಳನ್ನು ಕರೆಯುವ ಇತರರೂ ಇರಬಹುದು ಎಂಬುದರ ಬಗ್ಗೆ.

ಆ ಭರವಸೆಯಲ್ಲಿ ಮೀನಿನ ಕುರಿತ ಮಾತು ಸುಳ್ಳಲ್ಲ ಎಂಬುದನ್ನು ಮೊದಲೇ ಹೇಳಬೇಕು. ಪೆಸಿಫಿಕ್ ಹಾಲಿಬಟ್ ಚಳಿಗಾಲದಲ್ಲಿ ಭೂಖಂಡದ ಅಂಚಿನ ಆಳವಾದ ಇಳಿಜಾರಿನಲ್ಲಿ ಮೊಟ್ಟೆಯಿಡುತ್ತದೆ, ಬೇಸಿಗೆ ಬಂದಂತೆ ಆಹಾರಕ್ಕಾಗಿ ಕರಾವಳಿಯ ಕಡೆಗೆ ಸರಿಯುತ್ತದೆ. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಪಿಂಕ್ ಹಾಗೂ ಚಮ್ ಜಾತಿಯ ಸಾಲ್ಮನ್‌ಗಳು ಸಣ್ಣ ಹೊಳೆಗಳ ಬಾಯಿಗೆ ಗುಂಪುಗಟ್ಟಿ ಬರುವಾಗ, ಅವುಗಳಲ್ಲಿ ಸತ್ತು ತೇಲಿ ಬರುವವನ್ನೂ, ಮರಳಿನಲ್ಲಿ ಹುದುಗಿರುವ ಸಣ್ಣ ಮೀನುಗಳನ್ನೂ, ಏಡಿಗಳನ್ನೂ ತಿನ್ನಲು ಹಾಲಿಬಟ್‌ಗಳು ಎಂಟು-ಹತ್ತು ಮಾರು ಆಳಕ್ಕೆ, ಕೆಲವೊಮ್ಮೆ ಅದಕ್ಕಿಂತ ಕಡಿಮೆ ಆಳಕ್ಕೂ ಬರುತ್ತವೆ. ಗಾಳದ ಮೀನುಗಾರಿಕೆಯಲ್ಲಿ ಈವರೆಗೆ ದಾಖಲಾಗಿರುವ ಅತಿ ದೊಡ್ಡ ಪೆಸಿಫಿಕ್ ಹಾಲಿಬಟ್ 1996ರಲ್ಲಿ ಅಲಾಸ್ಕಾದ ಡಚ್ ಹಾರ್ಬರ್‌ನಲ್ಲಿ ಸಿಕ್ಕಿತು; ಅದರ ತೂಕ 459 ಪೌಂಡ್, ಅಂದರೆ 208 ಕಿಲೋಗ್ರಾಂ. ಅಷ್ಟು ದೊಡ್ಡದು ಅಪರೂಪ. ಆದರೆ ಐದು ಅಡಿ ಉದ್ದದ ಒಂದು ಹಾಲಿಬಟ್ ಸುಮಾರು 45 ಕಿಲೋ ತೂಗುತ್ತದೆ, ಅಂಥವು ಪ್ರತಿ ಬೇಸಿಗೆಯಲ್ಲೂ ಗಾಳಕ್ಕೆ ಬೀಳುತ್ತವೆ.

ಸುಳ್ಳು ಇರುವುದು "ಸುರಕ್ಷಿತ" ಎಂಬ ಮಾತಿನಲ್ಲಿ. ಆಳವಿಲ್ಲದ ನೀರು ದೊಡ್ಡ ಹಾಲಿಬಟ್ಟನ್ನು ಹೆಚ್ಚು ಅಪಾಯಕಾರಿ ಮಾಡುತ್ತದೆ. ಐವತ್ತು ಮಾರು ಆಳದಿಂದ ಮೀನನ್ನು ಮೇಲೆ ತರುವಾಗ ಅದು ಮತ್ತೆ ಮತ್ತೆ ತಳಕ್ಕೆ ಧಾವಿಸಿ, ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಸೆಣಸಿ, ದಣಿದು ದೋಣಿಯ ಬದಿಗೆ ಬರುತ್ತದೆ. ಎಂಟು ಮಾರು ಆಳದಲ್ಲಿ ಕಚ್ಚಿದ ಮೀನು, ಉದ್ದಕ್ಕೆ ಓಡಿ ದಾರ ಎಳೆಯದಿದ್ದರೆ, ಕೆಲವೇ ನಿಮಿಷಗಳಲ್ಲಿ ದೋಣಿಯ ಪಕ್ಕದಲ್ಲಿರುತ್ತದೆ, ಆಗ ಅದರ ಶಕ್ತಿ ಸ್ವಲ್ಪವೂ ಕುಗ್ಗಿರುವುದಿಲ್ಲ. ಹಾಲಿಬಟ್‌ಗೆ ಗಾಳಿಚೀಲವೂ ಇಲ್ಲ. ರಾಕ್‌ಫಿಶ್‌ನಂತಹ ಮೀನುಗಳು ಆಳದಿಂದ ಮೇಲೆ ಬರುವಾಗ ಒಳಗಿನ ಗಾಳಿ ಹಿಗ್ಗಿ ನಿಶ್ಚೇಷ್ಟಿತವಾಗುತ್ತವೆ. ಹಾಲಿಬಟ್‌ಗೆ ಅಂಥ ಯಾವ ತೊಂದರೆಯೂ ಆಗುವುದಿಲ್ಲ. ಇದರ ಜೊತೆಗೆ ಅದರ ಒಂದು ಸ್ವಭಾವ ಹೊಸಬರನ್ನು ಖಂಡಿತ ಮೋಸಗೊಳಿಸುತ್ತದೆ: ಮೇಲೆ ಬರುವಾಗ ಅದು ಎಷ್ಟೋ ಬಾರಿ ಭಾರವಾದ ಹಲಗೆಯಂತೆ ಸುಮ್ಮನೆ ಬರುತ್ತದೆ. ತಲೆ ನೀರಿನಿಂದ ಹೊರಗೆ ಬಂದ ಕ್ಷಣದಲ್ಲಿ ಇಡೀ ದೇಹದ ಸ್ನಾಯುಗಳನ್ನು ಒಮ್ಮೆಲೇ ಬಳಸಿ ಬಡಿಯತೊಡಗುತ್ತದೆ. ಇದನ್ನು ಬಲ್ಲ ಮಾರ್ಗದರ್ಶಿಗಳು, ಮುಂದಿನ ಕೆಲಸಕ್ಕೆ ಎಲ್ಲವೂ ಸಿದ್ಧವಾಗುವವರೆಗೆ, ಮೀನಿನ ತಲೆಯನ್ನು ನೀರಿನಿಂದ ಮೇಲೆತ್ತಲು ಯಾರಿಗೂ ಬಿಡುವುದಿಲ್ಲ.

ನಮ್ಮ ದೋಣಿ ತೆರೆದದ್ದು, ಅಲ್ಯೂಮಿನಿಯಂನದು, ಬದಿಗಳು ತಗ್ಗು. ಬೆಳಿಗ್ಗೆ ಕೋಹೋ ಸಾಲ್ಮನ್‌ಗಾಗಿ ಕೆಲ್ಪ್ ಪಾಚಿಯ ಅಂಚಿನಲ್ಲಿ ನಿಧಾನವಾಗಿ ಚಲಿಸುತ್ತಾ ಗಾಳ ಎಳೆದೆವು. ಅಪಾಯದ ಮೊದಲ ಸೂಚನೆ ಅಲ್ಲಿಯೇ ಕಂಡಿತ್ತು. ಗಾಳವನ್ನು ಬೇಕಾದ ಆಳದಲ್ಲಿ ಹಿಡಿದಿಡಲು ಡೌನ್‌ರಿಗ್ಗರ್ ಎಂಬ ಸಾಧನ ಬಳಸುತ್ತಾರೆ. ದೋಣಿಯ ಬದಿಗೆ ಬಿಗಿದ ರಾಟೆಯಿಂದ ಗಟ್ಟಿ ತಂತಿಯೊಂದು ನಾಲ್ಕೈದು ಕಿಲೋ ತೂಕದ ಸೀಸದ ಗುಂಡನ್ನು ಹೊತ್ತು ಇಳಿದಿರುತ್ತದೆ. ತಳ ಹತ್ತಿರವಿರುವ ಕಡೆ ಆ ಗುಂಡು ಬಂಡೆಯ ಸಂದಿಗೆ ಸಿಕ್ಕಿಕೊಳ್ಳುವುದು ಸುಲಭ, ನೀರಿನ ಸೆಳೆತವೂ ಇದ್ದರೆ ತಂತಿ ದೋಣಿಯ ಆ ಬದಿಯನ್ನು ಕೆಳಕ್ಕೆ ಜಗ್ಗುತ್ತದೆ. ನಮಗೆ ಎರಡು ಸಲ ಹಾಗಾಯಿತು. ತಂತಿ ಕತ್ತರಿಸುವ ಇಕ್ಕಳ ಕೈಗೆ ಸಿಗುವಲ್ಲಿ ಇರಲಿಲ್ಲ. ದೋಣಿಯವನು ಎಂಜಿನ್ ಹಿಂದಕ್ಕೆ ಓಡಿಸಿ, ತಗ್ಗಾದ ಹಿಂಬದಿಯಿಂದ ನೀರು ಒಳಗೆ ನುಗ್ಗುತ್ತಿರುವಾಗಲೇ, ಹೇಗೋ ಬಿಡಿಸಿಕೊಂಡ. ಕೋಹೋಗಳು ಮಾತ್ರ ಚೆನ್ನಾಗಿ ಸಿಕ್ಕವು. ಆ ಸಂತೋಷದಲ್ಲಿ ನೀರು ನುಗ್ಗಿದ್ದನ್ನು ಯಾರೂ ದೊಡ್ಡದು ಮಾಡಲಿಲ್ಲ.

ಮಧ್ಯಾಹ್ನ ಇಳಿತ ಶುರುವಾದ ಮೇಲೆ ಒಂದು ಹೊಳೆಯ ಬಾಯಿಗೆ ಹೋಗಿ ಲಂಗರು ಹಾಕಿದರು. ಈ ಭಾಗದಲ್ಲಿ ಉಬ್ಬರ ಮತ್ತು ಇಳಿತಗಳ ನಡುವಿನ ನೀರಿನ ಎತ್ತರದ ವ್ಯತ್ಯಾಸ ಆರು ಮೀಟರ್ ಮೀರುವ ದಿನಗಳಿವೆ. ಅಷ್ಟು ನೀರು ಆರು ಗಂಟೆಗಳ ಆಸುಪಾಸಿನಲ್ಲಿ ಕಿರಿದಾದ ದಾರಿಗಳಿಂದ ಹೊರಗೆ ಹರಿಯಬೇಕು, ಆದ್ದರಿಂದ ಅದರ ಸೆಳೆತ ನದಿಯ ಪ್ರವಾಹದಂತೆಯೇ ಇರುತ್ತದೆ. ಹೊರಗೆ ಹರಿಯುವ ನೀರಿಗೆ ಎದುರಾಗಿ ಕಡಲ ಕಡೆಯಿಂದ ಗಾಳಿ ಬೀಸಿದರೆ ಹೊಳೆಯ ಬಾಯಿಯಲ್ಲಿ ಅಲೆಗಳು ಒತ್ತೊತ್ತಾಗಿ, ಕಡಿದಾಗಿ ಏಳುತ್ತವೆ. ಆಳ ಕಡಿಮೆಯಾದಷ್ಟೂ ಅವು ಇನ್ನಷ್ಟು ಕಡಿದಾಗುತ್ತವೆ. ಇಂಥ ನೀರಿನಲ್ಲಿ ಲಂಗರಿನ ಹಗ್ಗವನ್ನು ದೋಣಿಯ ಮುಂಭಾಗಕ್ಕೇ ಕಟ್ಟಬೇಕು. ಮುಂಭಾಗ ಎತ್ತರವಾಗಿದ್ದು ಅಲೆಯನ್ನು ಸೀಳುತ್ತದೆ. ಹಿಂಭಾಗ ತಗ್ಗಾಗಿ, ಚಪ್ಪಟೆಯಾಗಿ, ಎಂಜಿನ್ನಿನ ಭಾರ ಹೊತ್ತಿರುತ್ತದೆ. ಹಿಂಭಾಗಕ್ಕೆ ಲಂಗರು ಕಟ್ಟಿದ ಸಣ್ಣ ದೋಣಿಗಳು ಸೆಳೆತದಲ್ಲಿ ನೀರು ತುಂಬಿ ಮುಳುಗುತ್ತವೆ ಎಂಬುದು ದೋಣಿ ಸುರಕ್ಷತೆಯ ಮೊದಲ ಪಾಠಗಳಲ್ಲಿ ಒಂದು. ಜಾಣ ಮಾರ್ಗದರ್ಶಿಗಳು ಹಗ್ಗಕ್ಕೆ ದೊಡ್ಡ ತೇಲುಬೆಂಡನ್ನೂ ಕಟ್ಟಿರುತ್ತಾರೆ. ದೊಡ್ಡ ಮೀನು ಓಡಿದಾಗಲೋ ಅಲೆ ಏರಿದಾಗಲೋ ಹಗ್ಗವನ್ನು ಕ್ಷಣದಲ್ಲಿ ಕಳಚಿಬಿಟ್ಟು ದೋಣಿಯನ್ನು ಸೆಳೆತದ ಜೊತೆ ಹೋಗಲು ಬಿಡುತ್ತಾರೆ, ಆಮೇಲೆ ಬಂದು ಬೆಂಡನ್ನು ಹಿಡಿದುಕೊಳ್ಳುತ್ತಾರೆ. ನಮ್ಮ ದೋಣಿಯಲ್ಲಿ ಬೆಂಡು ಇರಲಿಲ್ಲ. ಎಲ್ಲರೂ ಹಿಂದೆ ನಿಂತು ಆರಾಮವಾಗಿ ಗಾಳ ಹಾಕಲೆಂದು ಹಗ್ಗವನ್ನು ಹಿಂಭಾಗದ ಗೂಟಕ್ಕೇ ಬಿಗಿದಿದ್ದರು. ಭಾವನವರು ಅದರ ಬಗ್ಗೆ ಕೇಳಿದಾಗ, "ಇಲ್ಲಿ ಆಳವೇ ಇಲ್ಲ, ಏನಾಗುತ್ತದೆ?" ಎಂಬ ಉತ್ತರ ಬಂತು.

ಹಾಲಿಬಟ್ ಕಚ್ಚಿದ್ದು ಭಾವನವರ ಗಾಳಕ್ಕೆ. ಸ್ವಲ್ಪ ಹೊತ್ತಿಗೆಲ್ಲ ಅದು ದೋಣಿಯ ಹಿಂದೆ ಕಾಣಿಸಿತು. ಐದು ಅಡಿಗೂ ಉದ್ದ, ಕಂದು ಬೆನ್ನು, ಎರಡು ಕಣ್ಣುಗಳೂ ಮೇಲಿನ ಮಗ್ಗುಲಲ್ಲಿ. ಅಷ್ಟು ದೊಡ್ಡ ಹಾಲಿಬಟ್‌ಗಳು ಬಹುಮಟ್ಟಿಗೆ ಹೆಣ್ಣೇ. ಅದನ್ನು ಒಳಗೆ ತೆಗೆದುಕೊಳ್ಳುವುದಾದರೆ ಕ್ರಮವೊಂದಿದೆ: ತಲೆ ನೀರಿನಲ್ಲೇ ಇರುವಾಗ ಹಗ್ಗ ಕಟ್ಟಿದ ಈಟಿಯಿಂದ ಚುಚ್ಚಿ, ಕಿವಿರು ಕತ್ತರಿಸಿ ರಕ್ತ ಹರಿಯಬಿಟ್ಟು, ಬಾಲಕ್ಕೆ ಕುಣಿಕೆ ಬಿಗಿದು, ಅಲುಗಾಟ ನಿಂತ ಮೇಲೆ ಒಳಗೆಳೆದು, ತಲೆ ಮತ್ತು ಬಾಲವನ್ನು ಒಂದಕ್ಕೊಂದು ಎಳೆದು ಕಟ್ಟುವುದು. ನಮ್ಮ ದೋಣಿಯಲ್ಲಿ ಈಟಿ ಇರಲಿಲ್ಲ, ಬಾಲದ ಹಗ್ಗವೂ ಇರಲಿಲ್ಲ. ಉದ್ದ ಹಿಡಿಯ ಒಂದು ಕೊಕ್ಕೆಯಿಂದ ಮೀನಿನ ದವಡೆಗೆ ಹಾಕಿ, ನಮ್ಮಲ್ಲಿ ಇನ್ನೊಬ್ಬರ ಕೈಗೂ ಕೊಕ್ಕೆ ಕೊಟ್ಟು, ಜೀವಂತ ಮೀನನ್ನು ತಗ್ಗು ಬದಿಯ ಮೇಲಿಂದ ನಮ್ಮೆಲ್ಲರ ಕಾಲುಗಳ ನಡುವೆ ಎಳೆದು ಹಾಕಿದರು.

ಆಮೇಲೆ ನಡೆದದ್ದನ್ನು ವಿವರವಾಗಿ ಬರೆಯಲು ಮನಸ್ಸಿಲ್ಲ. ಬಾಲದ ಒಂದು ಹೊಡೆತ ಭಾವನವರ ಕಾಲಿಗೆ ಬಿತ್ತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಎಲ್ಲರೂ ಭಯದಿಂದ ಹಿಂಭಾಗದ ಒಂದೇ ಮೂಲೆಗೆ ಸರಿದದ್ದರಿಂದ ದೋಣಿ ಆ ಕಡೆ ಬಗ್ಗಿತು, ಹಿಂಭಾಗಕ್ಕೆ ಬಿಗಿದ ಲಂಗರು ಅದನ್ನು ಇನ್ನಷ್ಟು ಕೆಳಗೆ ಹಿಡಿಯಿತು, ಅಲೆಯೊಂದು ಪೂರ್ತಿಯಾಗಿ ಒಳಗೆ ಬಂತು. ನಮ್ಮ ತಂಡದ ಹುಡುಗಿಯೊಬ್ಬಳು ಎರೆ ಕತ್ತರಿಸುವ ಚಾಕುವಿನಿಂದ ಹಗ್ಗ ಕೊಯ್ದಳು. ಅವಳು ಆ ಕೆಲಸ ಮಾಡದೇ ಇದ್ದಿದ್ದರೆ ನಾವೆಲ್ಲರೂ ನೀರಿನಲ್ಲಿರುತ್ತಿದ್ದೆವು ಎಂಬುದು ನನ್ನ ದೃಢವಾದ ನಂಬಿಕೆ. ಅಲ್ಲಿನ ಕಡಲು ಬೇಸಿಗೆಯಲ್ಲೂ ಬಹಳ ತಣ್ಣಗಿರುತ್ತದೆ. ಹಿಮದಷ್ಟು ತಣ್ಣನೆಯ ನೀರಿಗೆ ಬಿದ್ದವರ ಬಗ್ಗೆ ರಕ್ಷಣಾ ತರಬೇತಿಯಲ್ಲಿ ಹೇಳಿಕೊಡುವ ಸ್ಥೂಲ ಲೆಕ್ಕ ಹೀಗಿದೆ: ಏದುಸಿರನ್ನು ಹಿಡಿತಕ್ಕೆ ತರಲು ಒಂದು ನಿಮಿಷ, ಕೈಕಾಲುಗಳು ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ಉಳಿಯುವುದು ಸುಮಾರು ಒಂದು ಗಂಟೆ. ನೀರು ಸ್ವಲ್ಪ ಬೆಚ್ಚಗಿದ್ದರೆ ಕಾಲ ಹಿಗ್ಗುತ್ತದೆ, ಆದರೆ ಮೊದಲ ನಿಮಿಷದ ಆಘಾತ ಅಲ್ಲಿಯೂ ತಪ್ಪುವುದಿಲ್ಲ. ಆ ನಿಮಿಷದಲ್ಲಿ ಲೈಫ್ ಜಾಕೆಟ್ ಮೈಮೇಲೆ ಇರಬೇಕು. ನಮ್ಮವು ಆಸನದ ಕೆಳಗಿನ ಪೆಟ್ಟಿಗೆಯಲ್ಲಿ ಭದ್ರವಾಗಿದ್ದವು. ಆಳವಿಲ್ಲ ಎಂಬುದು ಇಲ್ಲಿ ಯಾವ ಸಹಾಯಕ್ಕೂ ಬರುವುದಿಲ್ಲ. ಎಂಟು ಮಾರು ನೀರಿನಲ್ಲಿ ಯಾರ ಕಾಲೂ ನೆಲಕ್ಕೆ ತಾಗುವುದಿಲ್ಲ.

ರೇಡಿಯೋದ 16ನೇ ಚಾನೆಲ್‌ನಲ್ಲಿ ಕರೆ ಕೊಟ್ಟಾಗ ಹತ್ತಿರದಲ್ಲಿದ್ದ ಮೀನುಗಾರಿಕಾ ದೋಣಿಯೊಂದು ಬಂತು. ಅದರಲ್ಲಿದ್ದವರ ಉಪಕಾರವನ್ನು ನಾವು ಮರೆಯುವುದಿಲ್ಲ. ಆ ಊರುಗಳಿಗೆ ರಸ್ತೆಯ ಸಂಪರ್ಕವಿಲ್ಲ. ಸಣ್ಣ ಚಿಕಿತ್ಸಾಲಯದಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು, ಹವೆ ತಿಳಿಯಾಗುವವರೆಗೆ ಕಾದು, ಸಣ್ಣ ವಿಮಾನದಲ್ಲಿ ಜೂನೋ ನಗರದ ಆಸ್ಪತ್ರೆಗೆ ಹೋಗಬೇಕಾಯಿತು. ಇಂಥ ಪ್ರವಾಸಕ್ಕೆ ಹೋಗುವವರು ವಿಮಾನದಲ್ಲಿ ರೋಗಿಯನ್ನು ಸಾಗಿಸುವ ಖರ್ಚನ್ನೂ ಭರಿಸುವ ವಿಮೆ ಮಾಡಿಸಿಕೊಳ್ಳಿ. ಅಮೆರಿಕದಲ್ಲಿ ಆ ಖರ್ಚು ಒಂದು ಕುಟುಂಬದ ಉಳಿತಾಯವನ್ನೇ ನುಂಗಬಹುದು.

ಇನ್ನೊಂದು ವಿಷಯ ನಮಗೆ ತಿಳಿದದ್ದು ದಡಕ್ಕೆ ಬಂದ ಮೇಲೆ. ಅಮೆರಿಕ ಮತ್ತು ಕೆನಡಾ ದೇಶಗಳು 1923ರಲ್ಲಿ ಒಪ್ಪಂದ ಮಾಡಿಕೊಂಡು ಸ್ಥಾಪಿಸಿದ ಅಂತರರಾಷ್ಟ್ರೀಯ ಪೆಸಿಫಿಕ್ ಹಾಲಿಬಟ್ ಆಯೋಗ ಈ ಮೀನನ್ನು ಹಿಡಿಯುವುದನ್ನು ಪ್ರದೇಶವಾರು ನಿಯಂತ್ರಿಸುತ್ತದೆ. ಆಗ್ನೇಯ ಅಲಾಸ್ಕಾ ಅದರ 2ಸಿ ಪ್ರದೇಶ. ಅಲ್ಲಿ ಹಣ ಪಡೆದು ಮಾರ್ಗದರ್ಶನ ನೀಡುವ ದೋಣಿಗಳ ಗಿರಾಕಿಗಳಿಗೆ ಕಟ್ಟುನಿಟ್ಟಾದ ಮಿತಿಯಿದೆ: 2012ರಿಂದ ಬಹುತೇಕ ವರ್ಷಗಳಲ್ಲಿ ದಿನಕ್ಕೆ ಒಂದೇ ಮೀನು, ಅದೂ ಒಂದು ಗೊತ್ತಾದ ಅಳತೆಗಿಂತ ಚಿಕ್ಕದು ಅಥವಾ ಬಹಳ ದೊಡ್ಡದಾದ ಇನ್ನೊಂದು ಅಳತೆಗಿಂತ ದೊಡ್ಡದು ಮಾತ್ರ, ನಡುವಿನ ಗಾತ್ರದ್ದನ್ನು ನೀರಿಗೆ ಬಿಡಬೇಕು. ಅಳತೆಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಮಾರ್ಗದರ್ಶಿಯಿಲ್ಲದೆ ಸ್ವತಃ ಮೀನು ಹಿಡಿಯುವವರಿಗೆ ನಿಯಮ ಸಡಿಲ. ನಮ್ಮ ದೋಣಿಯವನು ಹೊರಡುವ ಮೊದಲು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದ. ನಾವು ದೋಣಿಯನ್ನು ಬಾಡಿಗೆಗೆ ಪಡೆದು ಸ್ವತಃ ನಡೆಸುತ್ತಿದ್ದೇವೆ ಎಂದು ಅದರಲ್ಲಿತ್ತು, ಅದನ್ನು ವಿಮೆಯ ಕಾಗದ ಎಂದು ಹೇಳಿ ಮುಂದಿಟ್ಟಿದ್ದ. ಹಣ ಪಡೆದು ಜೊತೆಗೆ ಬಂದು ಮೀನು ಹಿಡಿಯಲು ಸಹಾಯ ಮಾಡುವವನು ಮಾರ್ಗದರ್ಶಿಯೇ, ಕಾಗದ ಏನೇ ಹೇಳಲಿ. ಮಿತಿಯಿಂದ ತಪ್ಪಿಸಿಕೊಳ್ಳಲು ಮಾಡಿದ ಆ ವ್ಯವಸ್ಥೆಯಿಂದಾಗಿ ಪರವಾನಗಿ, ತಪಾಸಣೆ, ತರಬೇತಿ ಎಲ್ಲವೂ ತಪ್ಪಿಹೋಗಿದ್ದವು, ಈಟಿ ಮತ್ತು ತೇಲುಬೆಂಡು ಇಲ್ಲದ ದೋಣಿ ಕಡಲಿಗೆ ಇಳಿದಿತ್ತು. ಇದೇ ನನಗೆ ಅತ್ಯಂತ ಸಿಟ್ಟು ತರಿಸುವ ಸಂಗತಿ.

ಆದ್ದರಿಂದ ಹಣ ಕೊಡುವ ಮೊದಲು ಕಾಗದಗಳನ್ನು ತೋರಿಸಲು ಕೇಳಿ. ಹಣ ಪಡೆದು ಜನರನ್ನು ಕರೆದೊಯ್ಯುವ ದೋಣಿಯ ಚಾಲಕನಿಗೆ ಅಮೆರಿಕದ ಕೋಸ್ಟ್ ಗಾರ್ಡ್ ನೀಡಿದ ಪರವಾನಗಿ ಇರಬೇಕು. ಸಾಮಾನ್ಯ ಪರವಾನಗಿಯಲ್ಲಿ ಗರಿಷ್ಠ ಆರು ಪ್ರಯಾಣಿಕರಿಗೆ ಅವಕಾಶ. ಮಾರ್ಗದರ್ಶಿಗೆ ಅಲಾಸ್ಕಾ ರಾಜ್ಯದ ಮೀನು ಮತ್ತು ಬೇಟೆ ಇಲಾಖೆಯ ಪರವಾನಗಿ ಬೇಕು. ಹಾಲಿಬಟ್‌ಗೆ 2011ರಿಂದ ಪ್ರತ್ಯೇಕ ಫೆಡರಲ್ ಪರ್ಮಿಟ್ ಕಡ್ಡಾಯವಾಗಿದೆ, ಅದು ದೋಣಿಯಲ್ಲೇ ಇರಬೇಕು. ಗಾಳ ಹಿಡಿಯುವವರಿಗೆ ಹೊರರಾಜ್ಯದವರ ಮೀನುಗಾರಿಕಾ ಲೈಸೆನ್ಸ್ ಬೇಕು, ಕಿಂಗ್ ಸಾಲ್ಮನ್ ಹಿಡಿಯುವುದಾದರೆ ಅದಕ್ಕೆ ಬೇರೆ ಸ್ಟ್ಯಾಂಪ್. ಇವೆಲ್ಲ ಇರುವವರು ಕೇಳಿದ ತಕ್ಷಣ ತೋರಿಸುತ್ತಾರೆ. ನಾವೇ ದೋಣಿ ನಡೆಸುತ್ತಿದ್ದೇವೆ ಎಂದು ಹೇಳುವ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಕೊನೆಗೆ ಒಂದು ಪ್ರಶ್ನೆಯನ್ನೂ ಕೇಳಿ: "ದೊಡ್ಡ ಹಾಲಿಬಟ್ ದೋಣಿಯ ಪಕ್ಕಕ್ಕೆ ಬಂದಾಗ ನೀವು ಏನು ಮಾಡುತ್ತೀರಿ?" ಜೂನೋದಲ್ಲಿ ಭಾವನವರ ಪಕ್ಕದ ಹಾಸಿಗೆಯಲ್ಲಿದ್ದ ವೃದ್ಧ ಮೀನುಗಾರರೊಬ್ಬರನ್ನು ನಾನು ಇದನ್ನೇ ಕೇಳಿದೆ. ಕಡಿಮೆ ಆಳದಲ್ಲಿ ಸಿಕ್ಕ ದೊಡ್ಡ ಹೆಣ್ಣು ಮೀನನ್ನು ತಾವು ಒಳಗೆ ತೆಗೆದುಕೊಳ್ಳುವುದೇ ಇಲ್ಲ ಎಂದು ಅವರು ಹೇಳಿದರು. ಕೊಕ್ಕೆ ಹಾಕದೆ, ತಲೆಯನ್ನು ನೀರಿನಲ್ಲೇ ಇರಿಸಿ, ನೀರಿನಲ್ಲೇ ಫೋಟೋ ತೆಗೆಸಿ, ಗಾಳದ ಹತ್ತಿರ ದಾರ ಕತ್ತರಿಸುತ್ತಾರೆ. ಗಾಳಿಚೀಲವಿಲ್ಲದ ಮೀನಾದ್ದರಿಂದ ಅದು ನೇರವಾಗಿ ತಳಕ್ಕೆ ಹೋಗುತ್ತದೆ, ಮುಂದಿನ ಚಳಿಗಾಲದಲ್ಲಿ ಲಕ್ಷಗಟ್ಟಲೆ ಮೊಟ್ಟೆಯಿಡುತ್ತದೆ. ಊಟಕ್ಕೆ ಹತ್ತು ಕಿಲೋದ ಮೀನೇ ರುಚಿ, ಒಳಗೆ ತರುವುದೂ ಸುಲಭ ಎಂದರು.