ದುಡ್ಡು ಹಾಕಿದ ಮೇಲೆ ‘ಆಯ್ಕೆ’ಯಾಗುವ ಪುಸ್ತಕ ಪ್ರಶಸ್ತಿಗಳು

“ತಮ್ಮ ಕೃತಿ ರಾಜ್ಯಮಟ್ಟದ ಪ್ರಶಸ್ತಿಗೆ ಆಯ್ಕೆಯಾಗಿದೆ, ಅಭಿನಂದನೆಗಳು.” ವಾಟ್ಸ್‌ಆ್ಯಪ್‌ಗೆ ಹೀಗೊಂದು ಸಂದೇಶ ಬಂತೆನ್ನಿ. ಖುಷಿಪಡುವ ಮೊದಲು ಯೋಚಿಸಿ, ಅವರಿಗೆ ಪುಸ್ತಕ ಕಳಿಸಿದ್ದು ಯಾವಾಗ? ಕಳಿಸಿಯೇ ಇಲ್ಲವೆಂದರೆ ಓದಿದವರು ಯಾರು? ದಾವಣಗೆರೆ, ಚಿತ್ರದುರ್ಗದ ಕಡೆ ಸಮ್ಮೇಳನ, ಪ್ರಶಸ್ತಿ ಪ್ರದಾನ ಅಂತ ಹೊಸ ಬರಹಗಾರರು, ಅದರಲ್ಲೂ ಹಳ್ಳಿ ಶಾಲೆಯ ಮೇಷ್ಟ್ರುಗಳು, ಕೈ ಸುಟ್ಟುಕೊಳ್ಳುವುದು ಇಲ್ಲಿಂದಲೇ ಶುರು.

ಮಾರನೇ ದಿನ ಎರಡನೇ ಸಂದೇಶ: ನೋಂದಣಿ ಶುಲ್ಕ 1,500 ರೂಪಾಯಿ, ಸಂಜೆಯೊಳಗೆ ಹಾಕಿದರೆ ಆಹ್ವಾನ ಪತ್ರಿಕೆಯಲ್ಲಿ ಹೆಸರು. ಅರವತ್ತು ಜನ ಹಾಕಿದರೆ 90,000 ಆಯಿತು. ಶಾಲು, ಹಾರ, ಫಲಕ ಸಗಟಿನಲ್ಲಿ ತಂದರೆ ತಲೆಗೆ ಮುನ್ನೂರು ನಾನೂರಕ್ಕೆ ಮುಗಿಯುತ್ತದೆ. ಮೇಲೆ ಮನೆಯವರ ಊಟದ ಕೂಪನ್, ಫೋಟೊ, ಸ್ಮರಣ ಸಂಚಿಕೆಗೆ ಜಾಹೀರಾತು, ಎಲ್ಲ ಬೇರೆ.

ಶುಲ್ಕ ಎಂದಾಕ್ಷಣ ಮೋಸ ಎನ್ನಲಾಗದು. 1992ರಲ್ಲಿ ದಾವಣಗೆರೆಯಲ್ಲಿ ಜಿ.ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯಲ್ಲಿ, 2009ರಲ್ಲಿ ಚಿತ್ರದುರ್ಗದಲ್ಲಿ ಎಲ್. ಬಸವರಾಜು ಅವರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದನ್ನು ಇಲ್ಲಿನ ಜನ ನೋಡಿದ್ದಾರೆ. ಅಂಥ ಕಡೆ ಪ್ರತಿನಿಧಿ ಶುಲ್ಕ ಊಟ, ವಸತಿ, ಕಿಟ್‌ಗೆ ಇರುವುದು. ಕೂತು ಕೇಳಲು ಕೊಡುವ ದುಡ್ಡು ಒಂದು, ಪ್ರಶಸ್ತಿ ಪಡೆಯಲು ಕೊಡುವ ದುಡ್ಡು ಇನ್ನೊಂದು. ಎರಡನೆಯದಕ್ಕೆ ವ್ಯಾಪಾರ ಅಂತಲೇ ಹೆಸರು.

ಕಾರ್ಯಕ್ರಮದ ದಿನ ನಡೆಯುವುದನ್ನು ಕೇಳಿ. ಹತ್ತಕ್ಕೆ ಉದ್ಘಾಟನೆ ಅಂತ ಅಚ್ಚಾಗಿರುತ್ತದೆ, ದೀಪ ಹಚ್ಚುವಾಗ ಹನ್ನೆರಡೂವರೆ. ಆಹ್ವಾನ ಪತ್ರಿಕೆಯಲ್ಲಿದ್ದ ದೊಡ್ಡ ಹೆಸರುಗಳು ‘ಅನಿವಾರ್ಯ ಕಾರಣಗಳಿಂದ’ ಬಂದಿರುವುದಿಲ್ಲ. ಎಷ್ಟೋ ಸಲ ಅವರನ್ನು ಕೇಳಿಯೇ ಇರುವುದಿಲ್ಲ. ಹತ್ತತ್ತು ಜನರನ್ನು ಒಟ್ಟಿಗೆ ವೇದಿಕೆಗೆ ಹತ್ತಿಸಿ ಶಾಲು ಹೊದಿಸಿ, ಒಂದು ಕ್ಲಿಕ್, ಇಳಿಸಿದರು. ಪುಸ್ತಕದ ಹೆಸರನ್ನೂ ಓದುವುದಿಲ್ಲ. ಕೆಲವು ಕಡೆ ಮೆಟ್ಟಿಲ ಹತ್ತಿರ ನಿಂತ ಹುಡುಗ ಶಾಲು ವಾಪಸ್ ಇಸಿದುಕೊಳ್ಳುತ್ತಾನೆ, ಮುಂದಿನ ತಂಡಕ್ಕೆ ಬೇಕಲ್ಲ. ಫಲಕದ ಮೇಲಿನ ಹೆಸರಿನ ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಿ ನೋಡಿ, ಅಡಿಯಲ್ಲಿ ಬೇರೆಯವರ ಹೆಸರು ಇದ್ದರೂ ಇದ್ದೀತು. ಊಟದ ನಂತರ ಕವಿಗೋಷ್ಠಿ: ನಲವತ್ತು ಕವಿಗಳು, ತಲಾ ಎರಡು ನಿಮಿಷ, ಕೇಳುವವರು ತಮ್ಮ ಸರದಿಗೆ ಕಾದು ಕೂತ ಕವಿಗಳೇ.

ಒಪ್ಪುವ ಮೊದಲು ಫೋನಿನಲ್ಲಿ ನಾಲ್ಕು ಮಾತು ಕೇಳಿ. ಯಾವ ವರ್ಷ ಪ್ರಕಟವಾದ ಪುಸ್ತಕಗಳು? ಎಷ್ಟು ಪ್ರತಿ ಕಳಿಸಬೇಕು? ತೀರ್ಪುಗಾರರು ಯಾರು? ಒಟ್ಟು ಎಷ್ಟು ಪ್ರಶಸ್ತಿ? ನೆಟ್ಟಗಿರುವ ಸ್ಪರ್ಧೆಯವರು ಮೊದಲ ಎರಡಕ್ಕೆ ತಡವರಿಸದೆ ಉತ್ತರಿಸುತ್ತಾರೆ. ತೀರ್ಪುಗಾರರ ಹೆಸರು ‘ಗೌಪ್ಯ’ ಎಂದರೆ, ಫಲಿತಾಂಶದ ನಂತರವಾದರೂ ಹೇಳುತ್ತೀರಾ ಅನ್ನಿ. ಹೋದ ವರ್ಷ ಪಡೆದವರಲ್ಲಿ ಇಬ್ಬರಿಗೆ ನೀವೇ ಕರೆ ಮಾಡಿ. ಸ್ಥಳ ದಾವಣಗೆರೆಯ ಕುವೆಂಪು ಕನ್ನಡ ಭವನವೋ ಚಿತ್ರದುರ್ಗದ ತ.ರಾ.ಸು. ರಂಗಮಂದಿರವೋ ಆಗಿದ್ದರೆ, ಆ ದಿನ ಆ ಹೆಸರಲ್ಲಿ ಕಾಯ್ದಿರಿಸಿದ್ದಾರೆಯೇ ಅಂತ ಅಲ್ಲಿನ ಕಚೇರಿಯಲ್ಲೇ ವಿಚಾರಿಸಬಹುದು. ‘ನಮ್ಮದು ನೋಂದಾಯಿತ ಸಂಸ್ಥೆ’ ಎಂಬ ಮಾತಿಗೆ ಮರುಳಾಗಬೇಡಿ. ಟ್ರಸ್ಟನ್ನು ಉಪನೋಂದಣಿ ಕಚೇರಿಯಲ್ಲಿ ಯಾರು ಬೇಕಾದರೂ ನೋಂದಾಯಿಸಬಹುದು, ಅದರಿಂದ ಪ್ರಶಸ್ತಿಗೆ ಸರ್ಕಾರದ ಮುದ್ರೆ ಬೀಳುವುದಿಲ್ಲ.

ಹೆಚ್ಚು ನಷ್ಟವಾಗುವುದು, ಇದೇ ಸಂಘಟಕರು ಹಲವರ ಕವನ ಸೇರಿಸಿ ತರುವ ಸಂಕಲನದ ಒಪ್ಪಿಗೆ ಫಾರಂನಲ್ಲಿ. ಕೊನೆಯ ಸಾಲಲ್ಲಿ ಸಣ್ಣಕ್ಷರದಲ್ಲಿ ‘ಎಲ್ಲ ಹಕ್ಕುಗಳು ಪ್ರಕಾಶಕರವು’ ಅಂತಿರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಬರಹದಲ್ಲಿ ಸಹಿ ಮಾಡಿ ಕೊಟ್ಟ ಹಕ್ಕು ಸಿಂಧು. ಅವಧಿ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಆ ಸಾಲು ಹೊಡೆದುಹಾಕಿ ‘ಈ ಸಂಕಲನದಲ್ಲಿ ಒಂದು ಬಾರಿ ಪ್ರಕಟಿಸಲು ಮಾತ್ರ ಅನುಮತಿ’ ಎಂದು ಬರೆದು ಸಹಿ ಮಾಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಅಂತ ದುಡ್ಡು ಕೇಳಿದರೆ ಕೊಡಬೇಡಿ, ನಮ್ಮ ದೇಶದಲ್ಲಿ ಆ ಸಂಖ್ಯೆಯನ್ನು ಉಚಿತವಾಗಿ ಕೊಡುತ್ತಾರೆ. ಮಾರಾಟದ ಮೇಜಿಗೆ ಪುಸ್ತಕ ಕೊಟ್ಟರೆ ಪ್ರತಿಗಳ ಸಂಖ್ಯೆ, ಕಮಿಷನ್, ವಾಪಸ್ ಕೊಡುವ ದಿನ ಬರೆದ ಚೀಟಿ ಇಲ್ಲದೆ ಕೈ ಬಿಡಬೇಡಿ.

ಮೇಷ್ಟ್ರುಗಳಿಗೆ ಒಂದು ಮಾತು: ಸಂಘಟಕರು ಕೊಡುವ ‘ಓಓಡಿ ಪತ್ರ’ (ಶಾಲೆಯ ಹೊರಗಿದ್ದರೂ ಕರ್ತವ್ಯದಲ್ಲಿದ್ದಂತೆ ಎಂದು ತೋರಿಸಲು ಕೊಡುವುದು) ಬರೀ ಹಾಜರಿ ಪತ್ರ. ಓಓಡಿಗೆ ಇಲಾಖೆಯ ಆದೇಶ ಬೇಕು, ಇಲ್ಲದಿದ್ದರೆ ರಜೆ ನಿಮ್ಮ ಖಾತೆಯದ್ದೇ. ಇನ್ನು ‘ಗೌರವ ಡಾಕ್ಟರೇಟ್’ ಮಾರುವವರೂ ಇದೇ ವೇದಿಕೆಯಲ್ಲಿ ಸಿಗುತ್ತಾರೆ. 1956ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಕಾಯ್ದೆಯಂತೆ ಪದವಿ ಕೊಡುವ ಅಧಿಕಾರ ಇರುವುದು ವಿಶ್ವವಿದ್ಯಾಲಯಗಳಿಗೆ, ಟ್ರಸ್ಟುಗಳಿಗಲ್ಲ.

ಆದರೂ ದುಡ್ಡು ಹಾಕಲೇಬೇಕು ಅನ್ನಿಸಿದರೆ ಸಂಸ್ಥೆಯ ಖಾತೆಗೇ ಹಾಕಿ, ಸಂಘಟಕರ ಸ್ವಂತ ನಂಬರಿಗೆ ಬೇಡ. ಯುಪಿಐ ಟಿಪ್ಪಣಿಯಲ್ಲಿ ‘ಪ್ರಶಸ್ತಿ ನೋಂದಣಿ ಶುಲ್ಕ’ ಅಂತಲೇ ಬರೆಯಿರಿ. ‘ದೇಣಿಗೆ’ ಅಂತ ಬರೆಸಲು ನೋಡುತ್ತಾರೆ, ಹಾಗೆ ಬರೆದರೆ ಆಮೇಲೆ ವಾಪಸ್ ಕೇಳುವುದು ಕಷ್ಟ. ಕಾರ್ಯಕ್ರಮವೇ ಸುಳ್ಳು ಅಂತ ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ. ಕಾರ್ಯಕ್ರಮ ನಡೆದು, ಹೇಳಿದ್ದನ್ನು ಕೊಟ್ಟಿಲ್ಲವೆಂದರೆ ಗ್ರಾಹಕ ಸಹಾಯವಾಣಿ 1915. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ ಇಸವಿಯೂ ಅದೇ, ಮರೆಯುವ ಹಾಗಿಲ್ಲ.